ನೂರು ದಿನದ ದೊರೆ

ನಿನೆವೆ
ಸಿಮಾನು ತಿಂಗಳ ಇಪ್ಪತ್ತನಾಲ್ಕನೆಯ ದಿನ

ಬನಿತುಗೆ ಹೇಳು: ನಿನ್ನ ಅಪ್ಪ ಅರ್ದಾಯ ಹೀಗೆ ಹೇಳುತ್ತಾನೆ.

ನಾನು ಚೆನ್ನಾಗಿದ್ದೇನೆ. ನೀನೂ ಮಗು ಇನ್ಬಾಳೂ ಚೆನ್ನಾಗಿರಿ. ನಿನ್ನ ಗಂಡನೂ ಚೆನ್ನಾಗಿರಲಿ. ಗೋಪುರದಲ್ಲಿ ಕೂತು ಸದಾ ಆಕಾಶ ನೋಡುವವನು, ಅವನ ಕುತ್ತಿಗೆಗೆ ನೋವು ಬರದಿರಲಿ.

ಈಗ ಮಗುವನ್ನು ಪಕ್ಕದಲ್ಲಿ ಮಲಗಿಸಿ, ಕೂತುಕೊಂಡು ಕೇಳು. ನಿನ್ನ ಅಪ್ಪ ದೊರೆಯಾಗಿದ್ದಾನೆ.

ನಗಬೇಡ. ನಾಲ್ಕು ದಿನದ ಹಿಂದೆ ನಾನು ದಾಳಿಂಬೆ ಗಿಡಗಳ ಬುಡಕ್ಕೆ ನೀರು ತಿರುಗಿಸುತ್ತಿದ್ದೆ. ಅರಮನೆಯಿಂದ ನಾಲ್ವರು ಬಂದರು. "ಯಜಮಾನ್ರೇ, ಕೈ ತೊಳ್ಕೊಳ್ಳಿ" ಅಂದರು. "ಯಾಕಪ್ಪ, ಊಟಕ್ಕಾ?" ಅಂದೆ. "ಅಲ್ಲ, ಪಟ್ಟಕ್ಕೆ" ಅಂದರು. ಗುದ್ದಲಿಯನ್ನಾದರೂ ತೊಳೆದಿಡುತ್ತೇನೆ ಎಂದರೆ ಬಿಡಲಿಲ್ಲ. ಅದು ಹಾಗೇ ಕೆಸರಲ್ಲಿ ಬಿದ್ದಿದೆ, ತುಕ್ಕು ಹಿಡಿಯುತ್ತದೆ.

ಸಂಗತಿ ಇಷ್ಟು. ಹದಿನಾಲ್ಕರಂದು ಚಂದ್ರನಿಗೆ ಗ್ರಹಣ ಹಿಡಿಯಿತಲ್ಲ, ಅದು ದೊರೆಯ ತಲೆಗೆ ಬಂದ ಕೇಡು ಎಂದು ಪಂಡಿತರು ಹೇಳಿದ್ದಾರೆ. ಕೇಡು ಹುಡುಕಿಕೊಂಡು ಬಂದಾಗ ಸಿಂಹಾಸನದಲ್ಲಿ ಯಾರು ಕೂತಿರುತ್ತಾರೋ ಅವರಿಗೇ ತಗಲುವುದು. ಅದಕ್ಕೆ ದೊರೆಯನ್ನು ಕೆಳಗಿಳಿಸಿ ನನ್ನನ್ನು ಮೇಲೆ ಕೂರಿಸಿದ್ದಾರೆ, ನೂರು ದಿನಕ್ಕೆ. ದೊರೆ ಈಗ ನಮ್ಮ ತೋಟದ ಜೊಂಡಿನ ಗುಡಿಸಲಲ್ಲಿದ್ದಾರೆ. ಕೇಡಿಗೆ ಗುರುತು ಸಿಗಬಾರದೆಂದು ಎಲ್ಲರೂ ಅವರನ್ನು 'ರೈತ' ಎಂದೇ ಕರೆಯಬೇಕು. ಪತ್ರ ಬರೆಯುವಾಗಲೂ 'ನನ್ನ ಒಡೆಯನಾದ ರೈತನಿಗೆ' ಎಂದೇ ಬರೆಯುತ್ತಾರೆ. ಹೊಲ ಉಳುವವನು ದೊರೆ, ದೇಶ ಆಳುವವನು ರೈತ. ನಿನ್ನ ಅಮ್ಮ ಇದ್ದಿದ್ದರೆ ಎಷ್ಟು ನಗುತ್ತಿದ್ದಳೋ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಹಗಲಿಗೆಂದೇ ಇಬ್ಬರು ಕೊಡೆ ಹಿಡಿಯುವವರಿದ್ದಾರೆ. ಗಡ್ಡಕ್ಕೆ ಎಣ್ಣೆ ಹಾಕಿ ಸುರುಳಿ ಸುತ್ತಿದ್ದಾರೆ, ಕೆರೆದುಕೊಳ್ಳುವ ಹಾಗಿಲ್ಲ. ದಿನಾ ಕುರಿ ಮಾಂಸ, ಜೇನು. ಬೆಳ್ಳುಳ್ಳಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಜೊತೆಗೊಬ್ಬ ರಾಣಿಯೂ ಇರಬೇಕಂತೆ. ನೇಯ್ಗೆ ಮನೆಯಿಂದ ದಮ್ಕಾ ಎಂಬ ಹುಡುಗಿಯನ್ನು ತಂದು ಕೂರಿಸಿದ್ದಾರೆ. ಬೆಟ್ಟದ ಕಡೆಯ ಯುದ್ಧದಲ್ಲಿ ಸೆರೆ ಸಿಕ್ಕವಳು, ನಿನಗಿಂತ ಚಿಕ್ಕವಳು. ನನ್ನನ್ನು "ಅಜ್ಜ" ಎನ್ನುತ್ತಾಳೆ. ಹಾಗೆನ್ನಬಾರದೆಂದು ಗದರಿಸಿದರು. ಅವರು ಅತ್ತ ಹೋದ ಮೇಲೆ ಮತ್ತೆ "ಅಜ್ಜ" ಎಂದಳು.

ಇದನ್ನು ಬರೆಯುತ್ತಿರುವವನು ಅರಮನೆಯ ಲಿಪಿಕಾರ ಅಖುನಿ, ಒಳ್ಳೆಯವನು. ನಾನು ಹೇಳಿದ್ದನ್ನು ಹೇಳಿದ ಹಾಗೇ ಮಣ್ಣಿನ ಹಲಗೆಗೆ ಒತ್ತುತ್ತಾನೆ.

ನೂರು ದಿನ ಆದಮೇಲೆ ಏನು ಎಂದು ನೀನು ಕೇಳುತ್ತೀಯ. ಅದು ಆಮೇಲಿನ ಮಾತು. ಈ ಸಲ ಅಂಜೂರ ಚೆನ್ನಾಗಿ ಬಂದಿದೆ.

ನಿನ್ನ ಅಪ್ಪ,
ಸದ್ಯಕ್ಕೆ ದೊರೆ, ಅರ್ದಾಯ


ದೂರ್‌ನಬು
ದೂಝು ತಿಂಗಳ ನಾಲ್ಕನೆಯ ದಿನ

ಅಪ್ಪನಿಗೆ ಹೇಳು: ನಿನ್ನ ಮಗಳು ಬನಿತು ಹೀಗೆ ಹೇಳುತ್ತಾಳೆ.

ಇದನ್ನು ನಾನೇ ಬರೆದಿದ್ದೇನೆ. ನಮ್ಮ ಮನೆಯವರು ಎರಡು ವರ್ಷ ಕೂತು ಕಲಿಸಿದ್ದು. ಅಕ್ಷರ ಗುಬ್ಬಿ ಕೆದಕಿದ ಹಾಗಿದೆ, ಓದುವವರು ಸಹಿಸಿಕೊಳ್ಳಲಿ.

ನಿನ್ನ ಅಂಜೂರ ಹಾಳಾಗಲಿ!

ಆಮೇಲಿನ ಮಾತಂತೆ. ಇಲ್ಲಿ ಹೊಳೆಗೆ ನೀರಿಗೆ ಬರುವ ಹೆಂಗಸರಿಗೂ ಅದು ಗೊತ್ತು. ನಿನ್ನ ಪತ್ರ ಬರುವ ಮುಂಚೆಯೇ ಅವರು ಮಾತಾಡುತ್ತಿದ್ದರು: "ನಿನೆವೆಯಲ್ಲಿ ಯಾವನೋ ಮುದುಕನ್ನ ಕೂರ್ಸಿದಾರಂತೆ ಕಣೆ. ನೂರನೇ ದಿನ ಬಟ್ಟಲಲ್ಲಿ ಏನೋ ಕುಡಿಸಿ ಮಲಗಿಸ್ಬಿಡ್ತಾರಂತೆ. ರಾಣಿನೂ ಜೊತೇಗೇ." ನಾನೂ "ಪಾಪ" ಎಂದೆ. ಕೊಡ ತುಂಬಿಸಿಕೊಂಡು ಮನೆಗೆ ಬಂದೆ. ಆ ಮುದುಕ ನೀನೇ ಎಂದು ಮೂರು ದಿನ ಆದಮೇಲೆ ತಿಳಿಯಿತು.

ಅಪ್ಪ, ಓಡಿಹೋಗುವುದಕ್ಕೆ ಆಗುವುದಿಲ್ಲವೇ? ಹುಷಾರಿಲ್ಲ ಎಂದು ಹೇಳು. ಹುಚ್ಚು ಹಿಡಿದವನ ಹಾಗೆ ಆಡು. ದೇಶದಲ್ಲಿ ಇಷ್ಟು ಜನ ಇರುವಾಗ ನೀನೇ ಯಾಕೆ?

ಯಾಕೆ ಎಂದು ನನಗೆ ಗೊತ್ತಿದೆ ಅನ್ನಿಸುತ್ತದೆ. ಅದನ್ನು ಹೇಳಲೆಂದೇ ಬರೆಯಲು ಕೂತದ್ದು. ತಪ್ಪು ನನ್ನದು.

ಗ್ರಹಣದ ರಾತ್ರಿ ಗುಡಿಯ ಕಂಚಿನ ನಗಾರಿ ಬಾರಿಸಿದ ಕೂಡಲೇ ಊರಿಗೆ ಊರೇ ಅಂಗಳಕ್ಕೆ ಬಂದು, ಹೊದ್ದ ಬಟ್ಟೆಯಿಂದ ತಲೆ ಮುಚ್ಚಿಕೊಂಡು ಅಳತೊಡಗಿತು. ಚಂದ್ರ ಬಿಡಿಸಿಕೊಳ್ಳುವ ತನಕ ಯಾರೂ ಮುಖ ಎತ್ತಬಾರದು, ನಿನಗೂ ಗೊತ್ತು. ನಗಾರಿಯ ಸದ್ದಿಗೆ ಇನ್ಬಾ ಬೆಚ್ಚಿ ಕಿರುಚಿಕೊಂಡಳು. ಎರಡೂ ಕೈಯಲ್ಲಿ ಅವಳನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲಿ ತಿರುಗಾಡಿದೆ. ಬಟ್ಟೆ ಹೊದೆಯಲು ಮೂರನೆಯ ಕೈ ಎಲ್ಲಿಂದ ತರಲಿ? ತೆರೆದ ತಲೆಯಲ್ಲೇ ಇದ್ದೆ. ಮೇಲೆಯೂ ನೋಡಿದೆ. ಚಂದ್ರ ತಾಮ್ರದ ತಟ್ಟೆಯ ಹಾಗೆ ಕೆಂಪಗಾಗಿದ್ದ. ಅವನಿಂದ ಬಲಕ್ಕೆ, ನಮ್ಮ ಖರ್ಜೂರದ ಮರದ ಮೇಲೆ, ಆ ದೊಡ್ಡ ಬಿಳಿ ಚುಕ್ಕಿ ಹೊಳೆಯುತ್ತಿತ್ತು. ಅದನ್ನು ತೋರಿಸಿ ತೋರಿಸಿ ಮಗುವನ್ನು ಸುಮ್ಮನಾಗಿಸಿದೆ.

ಎಲ್ಲರೂ ಅಳುವಾಗ ನಾನು ಜೋಗುಳ ಹಾಡಿದೆ. ಅದಕ್ಕೇ ದೇವರು ನಿನ್ನನ್ನು ಆರಿಸಿದನೇನೋ. ಗುಡಿಗೆ ಹೋಗಿ ತಪ್ಪು ಒಪ್ಪಿಕೊಂಡರೆ ಬಿಟ್ಟಾನೇ? ಅಲ್ಲಿ ಪಂಡಿತರನ್ನು ಕೇಳಿ ಹೇಳು.

ಮನೆಯವರಿಗೆ ಇದನ್ನು ಹೇಳಿಲ್ಲ. ನಿನ್ನ ಸುದ್ದಿ ಬಂದಾಗಿನಿಂದ ಅವರು ಸರಿಯಾಗಿ ಊಟ ಮಾಡುತ್ತಿಲ್ಲ. ಅವರಿಗೆ ನಿನ್ನ ಮೇಲೆ ಅಷ್ಟು ಪ್ರೀತಿ ಇತ್ತೆಂದು ನನಗೇ ಗೊತ್ತಿರಲಿಲ್ಲ.

ನಿನ್ನ ಮಗಳು,
ಬನಿತು


ನಿನೆವೆ
ದೂಝು ತಿಂಗಳ ಹದಿನೈದನೆಯ ದಿನ

ಬನಿತುಗೆ ಹೇಳು: ನಿನ್ನ ಅಪ್ಪ ಹೀಗೆ ಹೇಳುತ್ತಾನೆ.

ಅಳಬೇಡ. ಮೊದಲು ಇದನ್ನು ಕೇಳು: ಹಸುಗೂಸನ್ನು ಎದೆಗೆ ಒತ್ತಿಕೊಂಡವಳ ಮೇಲೆ ಕೋಪಿಸಿಕೊಳ್ಳುವ ದೇವರು ಯಾವ ಗುಡಿಯಲ್ಲೂ ಇಲ್ಲ. ಹಾಗೆ ಯಾರಾದರೂ ಹೇಳಿದರೆ, ದೊರೆಯ ಅಪ್ಪಣೆ ಇಲ್ಲ ಎಂದು ಹೇಳಿ ಕಳಿಸು.

ನಿನ್ನ ಪತ್ರವನ್ನು ಅಖುನಿ ಓದಿ ಹೇಳಿದ. ನಡುವೆ ಒಂದು ಕಡೆ ನಿಂತುಬಿಟ್ಟ. ಯಾಕಪ್ಪ ಎಂದರೆ ಗಂಟಲಲ್ಲಿ ಖರ್ಜೂರದ ಬೀಜ ಸಿಕ್ಕಿತು ಎಂದ. ಅವನು ಆಗ ಖರ್ಜೂರ ತಿನ್ನುತ್ತಿರಲಿಲ್ಲ. ಇರಲಿ ಬಿಡು.

ನನಗೆ ಹೆದರಿಕೆ ಏನೂ ಇಲ್ಲ. ಅರವತ್ತು ದಾಟಿದ್ದೇನೆ. ನಿನ್ನ ಮದುವೆ ನೋಡಿದೆ, ಮೊಮ್ಮಗಳು ಹುಟ್ಟಿದ್ದನ್ನು ಕೇಳಿದೆ. ಹಣ್ಣಾದದ್ದು ಉದುರುತ್ತದೆ, ನಾನೇ ಗಿಡ ಅಲ್ಲಾಡಿಸಿ ಎಷ್ಟು ಉದುರಿಸಿಲ್ಲ? ದಮ್ಕಾಳ ವಿಷಯದಲ್ಲಿ ಮಾತ್ರ ಮನಸ್ಸು ಒಪ್ಪುವುದಿಲ್ಲ. ಅವಳು ಇನ್ನೂ ಕಾಯಿ. ಅವಳಿಗೆ ಎಲ್ಲವೂ ಗೊತ್ತು. ನನಗೆ ಬೇಜಾರಾಗಬಾರದೆಂದು ಗೊತ್ತಿಲ್ಲದವಳ ಹಾಗೆ ಇರುತ್ತಾಳೆ, ನಾನೂ ಹಾಗೇ ಇರುತ್ತೇನೆ. ಇಬ್ಬರೂ ಕೂತು ಹುಲಿ-ಕುರಿ ಆಡುತ್ತೇವೆ. ದಿನಾ ಅವಳೇ ಗೆಲ್ಲುತ್ತಾಳೆ.

ನಿನಗೆ ನಗು ಬರುವ ಸುದ್ದಿಯೊಂದಿದೆ. ಮೊನ್ನೆ ಸಿಂಹಾಸನದ ಕೆಲಸ ಮುಗಿಸಿ ತೋಟದ ಕಡೆ ಹೋಗಿದ್ದೆ. ನಮ್ಮ 'ರೈತ' ಈರುಳ್ಳಿ ಪಾತಿಯಲ್ಲಿ ನಿಂತು ಅಗೆಯುತ್ತಿದ್ದರು. ರೈತ ಎಂದ ಮೇಲೆ ಸ್ವಲ್ಪ ಅಗೆಯಬೇಕಂತೆ, ಇಲ್ಲದಿದ್ದರೆ ಕೇಡಿಗೆ ಅನುಮಾನ ಬರುತ್ತದಂತೆ. ಅವರು ಗುದ್ದಲಿ ಹಿಡಿದ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ.

"ಹಾಗಲ್ಲ, ಹಾಗಲ್ಲ! ಬೇರು ಕತ್ತರಿಸ್ತಾ ಇದೀರಿ. ಸೊಂಟ ಬಗ್ಗಿಸ್ಬೇಕು" ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿ, ತಲೆ ಬಾಗಿಸಿ, "ಅಪ್ಪಣೆ, ಪ್ರಭು" ಎಂದರು. ಸೊಂಟ ಬಗ್ಗಿಸಿದರು. ಆಮೇಲೂ ಸರಿಯಾಗಿ ಬರಲಿಲ್ಲ. ಗುದ್ದಲಿ ಎತ್ತಿದಾಗಲೆಲ್ಲ ಹಿಂದೆ ತಿರುಗಿ ನೋಡುತ್ತಿದ್ದರು, ಮಗಳೆ. ಇಡೀ ಬೆಟ್ಟದ ನಾಡನ್ನು ಗೆದ್ದವರು. ಸಿಂಹಾಸನದಲ್ಲಿ ನಾನು ಕೂತಿದ್ದರೂ ಕೇಡು ತಮ್ಮನ್ನೇ ಗುರುತು ಹಿಡಿದೀತೆಂಬ ಭಯ ಅವರಿಗೆ ಇನ್ನೂ ಹೋಗಿಲ್ಲ. ಅವರನ್ನು ಕಂಡು ನನಗೆ ಅಯ್ಯೋ ಅನ್ನಿಸಿತು.

ಅಳಿಯನಿಗೆ ಊಟ ಮಾಡಲು ಹೇಳು. ಮದುವೆಯ ದಿನ ನಾನು ಆಡಿದ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದೂ ಹೇಳು. ಅವನಿಗೆ ಇನ್ನೇನನ್ನೂ ಹೇಳಬೇಡ, ಕೇಳಬೇಡ.

ನಿನ್ನ ಅಪ್ಪ,
ಅರ್ದಾಯ

(ಹಲಗೆಯ ಅಂಚಿನಲ್ಲಿ, ಸಣ್ಣ ಅಕ್ಷರಗಳಲ್ಲಿ)

ತಂಗಿ ಬನಿತುಗೆ ಲಿಪಿಕಾರ ಅಖುನಿ ಹೇಳುವುದು. ನಿನ್ನ ಅಪ್ಪನಿಗೆ ಓದು ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನೀನು ನೋಡಿದ ಬಿಳಿ ಚುಕ್ಕಿ ಮರ್ದುಕ್ ದೇವರ ಗ್ರಹ, ಗುರು. ಗ್ರಹಣದ ಹೊತ್ತಿಗೆ ಗುರು ಆಕಾಶದಲ್ಲಿದ್ದರೆ ಆ ಗ್ರಹಣದಿಂದ ದೊರೆಗೆ ಕೇಡಿಲ್ಲ, ಬದಲಿ ದೊರೆಯೂ ಬೇಕಿಲ್ಲ ಎಂದು ನಮ್ಮ ಶಾಸ್ತ್ರ. ಅಂದು ಇಲ್ಲಿ ದಟ್ಟ ಮೋಡ. ಬೇರೆ ಊರುಗಳಲ್ಲೂ ಮೋಡ. ನಿಮ್ಮ ದೂರ್‌ನಬುವಿನಲ್ಲಿ ಮಾತ್ರ ಆಕಾಶ ತಿಳಿಯಾಗಿತ್ತು. ಅಲ್ಲಿಯ ಕಾವಲುಗೋಪುರದಿಂದ ಬಂದ ವರದಿಯಲ್ಲಿ 'ಗುರು ಕಾಣಲಿಲ್ಲ' ಎಂದಿತ್ತು. ಕೆಳಗೆ ಶುಲಾಯ ಎಂಬ ಸಹಿ ಇತ್ತು. ಅದು ನಿನ್ನ ಗಂಡನ ಹೆಸರು.

ಹೆಂಗಸೊಬ್ಬಳು ಮನೆಗೆ ಬರೆದ ಪತ್ರವನ್ನು ಪಂಡಿತರು ಒಪ್ಪುವುದಿಲ್ಲ. ವರದಿ ಕೊಟ್ಟವನೇ ತಿದ್ದಬೇಕು. ಆದರೆ ದೊರೆಗೆ ಸುಳ್ಳು ವರದಿ ಕೊಟ್ಟವನ ಬಲಗೈ ಕತ್ತರಿಸುತ್ತಾರೆ. ಇದನ್ನು ನಿನ್ನ ಅಪ್ಪನಿಗೆ ಹೇಳಿದೆ. "ಬರೀಬೇಡ. ಮಗೂಗೆ ಅಪ್ಪ ಬೇಕು. ಅವನ ಅನ್ನ ಆ ಕೈಯಲ್ಲಿದೆ" ಎಂದರು. ನನ್ನಿಂದ ಆಣೆ ಹಾಕಿಸಿಕೊಂಡರು. ಹಲಗೆಯ ಮುಖದ ಮೇಲೆ ಬರೆಯುವುದಿಲ್ಲ ಎಂದು ಆಣೆ ಹಾಕಿದೆ.


ದೂರ್‌ನಬು
ಅಬು ತಿಂಗಳ ಮೂರನೆಯ ದಿನ

ಅಖುನಿ ಅಣ್ಣನಿಗೆ ಹೇಳು: ಬನಿತು ಹೀಗೆ ಹೇಳುತ್ತಾಳೆ.

ನಿಮ್ಮ ಅಂಚಿನ ಬರಹವನ್ನು ಎರಡು ದಿನ ಸೆರಗಲ್ಲಿ ಕಟ್ಟಿಕೊಂಡು ತಿರುಗಿದೆ. ಮೂರನೆಯ ದಿನ ಮನೆಯವರಿಗೆ ಊಟ ಬಡಿಸುವಾಗ ಕೇಳಿಯೇಬಿಟ್ಟೆ.

"ಗ್ರಹಣದ ದಿನ ಬಿಳಿ ಚುಕ್ಕಿ ನೋಡಿದ್ರಾ?"

"ಯಾಕೆ?"

"ನಾನು ನೋಡ್ದೆ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಎಲ್ಲಿ?"

"ನಮ್ಮ ಖರ್ಜೂರದ ಮರದ ಮೇಲೆ. ಚಂದ್ರ ಕೆಂಪಗಿದ್ದಾಗ್ಲೇ."

"ಯಾರ ಹತ್ರನೂ ಹೇಳ್ಬೇಡ."

"ಅಪ್ಪನಿಗೆ ಬರ್ದಾಯ್ತು."

ಅವರು ರೊಟ್ಟಿಯನ್ನು ತಟ್ಟೆಯಲ್ಲಿ ಇಟ್ಟರು. ಆಮೇಲೆ, "ನಮ್ಮ ಮದ್ವೇಲಿ ನಿಮ್ಮಪ್ಪ ಎಲ್ಲರ ಮುಂದೆ ಏನಂದ್ರು? 'ಮೇಲೆ ನೋಡ್ಕೊಂಡು ನಡೆಯೋನು ಇವತ್ತಲ್ಲ ನಾಳೆ ಕಾಲುವೆಗೆ ಬೀಳ್ತಾನೆ.' ಬಿದ್ದೆ ನೋಡು ಬನಿತು" ಎಂದರು. ಬೆಳಿಗ್ಗೆ ಏಳುವಾಗ ಅವರಿರಲಿಲ್ಲ. ನೀರಿನ ಚರ್ಮದ ಚೀಲವೂ ಇರಲಿಲ್ಲ. ಗೋಪುರದಲ್ಲಿ ಕೇಳಿದರೆ ಅಲ್ಲಿಗೂ ಬಂದಿಲ್ಲ. ಇಂದಿಗೆ ಆರು ದಿನ.

ಅಣ್ಣ, ನಾನು ಅವರನ್ನು 'ಬರೆಯಿರಿ' ಎನ್ನಲಿಲ್ಲ. ಹೇಗೆ ಹೇಳಲಿ? ಬರೆದರೆ ಅವರ ಕೈ ಹೋಗುತ್ತದೆ, ಬರೆಯದಿದ್ದರೆ ಅಪ್ಪ ಹೋಗುತ್ತಾನೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವರು ಹೆದರಿ ಓಡಿಹೋಗಿದ್ದರೆ ಬಯ್ಯಲೂ ಬಾಯಿ ಬರುವುದಿಲ್ಲ. ಅಪ್ಪನಿಗೆ ಓಡಿಹೋಗು ಎಂದು ಬರೆದವಳು ನಾನೇ ತಾನೆ?

ಅಪ್ಪನಿಗೆ ಇದನ್ನು ಓದಿ ಹೇಳಬೇಡಿ. ಇನ್ಬಾ ಮಗುಚಿಕೊಂಡಳು ಎಂದಷ್ಟೇ ಹೇಳಿ. ಅದು ನಿಜ. ಮೊನ್ನೆ ಮಗುಚಿಕೊಂಡಳು.

ಬನಿತು


ದೂರ್‌ನಬು
ಅಬು ತಿಂಗಳ ಹತ್ತೊಂಬತ್ತನೆಯ ದಿನ

ನನ್ನ ಒಡೆಯನಾದ ರೈತನಿಗೆ, ಅವರ ಸೇವಕ, ದೂರ್‌ನಬು ಗೋಪುರದ ಶುಲಾಯ. ರೈತರಿಗೆ ಕ್ಷೇಮವಾಗಲಿ.

ಸಿಮಾನು ಹದಿನಾಲ್ಕರ ಗ್ರಹಣದ ವರದಿಯಲ್ಲಿ 'ಗುರು ಕಾಣಲಿಲ್ಲ' ಎಂದು ಬರೆದಿದ್ದೆ. ಅದು ಸುಳ್ಳು. ಗುರು ಕಾಣಲಿಲ್ಲವೆಂದಲ್ಲ, ನಾನೇ ನೋಡಿರಲಿಲ್ಲ. ನಗಾರಿ ಬಾರಿಸಿದ ಕೂಡಲೇ ಎಲ್ಲರಂತೆ ನಾನೂ ತಲೆ ಮುಚ್ಚಿಕೊಂಡೆ. ಬಟ್ಟೆ ಸರಿಸಿದಾಗ ಚಂದ್ರ ಬಿಡುಗಡೆಯಾಗಿದ್ದ, ಗುರು ಮುಳುಗಿದ್ದ.

ತಲೆ ಮುಚ್ಚಿದವರಾರೂ ಸಾಕ್ಷಿಯಾಗಲಾರರು. ಆದ್ದರಿಂದ ಆ ಹೊತ್ತಿನಲ್ಲಿ ಕೈ ಬಿಡುವಿಲ್ಲದೆ ತಲೆ ಮುಚ್ಚಲಾಗದವರನ್ನು ಹುಡುಕಿದೆ. ನಮ್ಮ ಊರಿನ ಹೊಳೆಯ ಅಂಬಿಗ ಝಬ್ದಿ ನಡುಹೊಳೆಯಲ್ಲಿ ಹುಟ್ಟು ಹಿಡಿದಿದ್ದ. ಕೆಳಗಿನ ಹಳ್ಳಿಯ ಸೂಲಗಿತ್ತಿ ಉಮ್ಮಿ ಅಂಗಳದಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ನನ್ನ ಹೆಂಡತಿ ಬನಿತು ಮಗುವನ್ನು ಎತ್ತಿಕೊಂಡಿದ್ದಳು. ಮೂವರನ್ನೂ ಬೇರೆ ಬೇರೆಯಾಗಿ ಕೇಳಿದೆ. ಚಂದ್ರನಿಂದ ಬಲಕ್ಕೆ ಬಿಳಿ ಚುಕ್ಕಿ ಇತ್ತೆಂದು ಮೂವರೂ ದೇವರ ಮುಂದೆ ಆಣೆಯಿಟ್ಟು ಹೇಳಿದ್ದಾರೆ. ಹಸಿ ಮಣ್ಣಿನ ಮೇಲೆ ಮೂವರ ಉಗುರಿನ ಗುರುತು ಕೆಳಗಿದೆ.

ರೈತರಿಗೆ ಕೇಡಿಲ್ಲ. ಅವರು ನೆಮ್ಮದಿಯಿಂದ ನಿದ್ದೆ ಮಾಡಬಹುದು. ನನ್ನ ಶಿಕ್ಷೆಗೆ ನಾನು ಸಿದ್ಧ.


ದೂರ್‌ನಬು
ಅದೇ ದಿನ

ಮಾವನವರಿಗೆ ಹೇಳು: ಶುಲಾಯ ಹೀಗೆ ಹೇಳುತ್ತಾನೆ.

ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಮದುವೆಯಾಗಿ ಮೂರು ವರ್ಷವಾದರೂ ನೀವು ನಮ್ಮ ಮನೆಯ ಹೊಸಿಲು ತುಳಿದಿಲ್ಲ. ನಾನೂ ಕರೆದಿಲ್ಲ.

ತಿದ್ದಿದ ವರದಿ ಇಂದೇ ಅರಮನೆಗೆ ಹೊರಟಿದೆ. ಅದರಲ್ಲಿ ಬರೆಯಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಆಕಾಶ ನೋಡುವುದೇ ಕೆಲಸವಾದವನು ತಲೆ ಯಾಕೆ ಮುಚ್ಚಿಕೊಂಡ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ನನ್ನ ಅವ್ವ ಪ್ರತಿ ಗ್ರಹಣಕ್ಕೂ ನನ್ನನ್ನು ತನ್ನ ಬಟ್ಟೆಯೊಳಗೆ ಎಳೆದುಕೊಂಡು ಅಳುತ್ತಿದ್ದಳು. ಶಾಸ್ತ್ರ ಕಲಿತೆ, ಗೋಪುರ ಹತ್ತಿದೆ. ಆದರೆ ಇಷ್ಟು ವರ್ಷದಲ್ಲಿ ತುಂಬು ಗ್ರಹಣ ಬಂದದ್ದು ಇದೇ ಮೊದಲು. ನಗಾರಿ ಕೇಳಿಸಿತು, ಕೈ ತಾನಾಗಿ ಬಟ್ಟೆಗೆ ಹೋಯಿತು. 'ನೋಡಲಿಲ್ಲ' ಎಂದು ಬರೆಯಲು ನಾಚಿಕೆಯಾಗಿ 'ಕಾಣಲಿಲ್ಲ' ಎಂದು ಬರೆದೆ. ಅದರಿಂದ ಯಾರಿಗೇನು ನಷ್ಟ, ದೊರೆಗೆ ಬದಲಿ ಯಾರನ್ನೋ ಕೂರಿಸುತ್ತಾರೆ ಎಂದುಕೊಂಡೆ. ಆ ಯಾರೋ ಯಾರ ಅಪ್ಪ ಎಂದು ಯೋಚಿಸಲಿಲ್ಲ. ನನ್ನನ್ನು ಸುಡುತ್ತಿರುವುದು ಅದೇ, ಮಾವ.

ಅಂಬಿಗ ನಾಲ್ಕು ದಿನದ ದಾರಿ ಕೆಳಗೆ ಹೋಗಿದ್ದ, ಅವನನ್ನು ಹುಡುಕುವುದರಲ್ಲಿ ತಡವಾಯಿತು. ಓಡಿಹೋದೆ ಎಂದು ಬನಿತು ಅಂದುಕೊಂಡಿದ್ದಳು. ಮೊದಲ ಎರಡು ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಕೈಯೊಂದು ಹೋದರೆ, ಮಗುವನ್ನು ನೀವು ಬಂದು ಎತ್ತಿಕೊಳ್ಳಿ.

ನಿಮ್ಮ ಅಳಿಯ,
ಶುಲಾಯ


ದೂರ್‌ನಬು
ಉಲೂಲು ತಿಂಗಳ ಐದನೆಯ ದಿನ

ಅಪ್ಪನಿಗೆ ಹೇಳು: ಬನಿತು ಹೀಗೆ ಹೇಳುತ್ತಾಳೆ.

ನಿನ್ನೆ ನಿನೆವೆಯ ಸೈನಿಕರು ಬಂದು ಮನೆಯವರನ್ನು ಕರೆದುಕೊಂಡು ಹೋದರು. ಕಟ್ಟಲಿಲ್ಲ, ಹೊಡೆಯಲಿಲ್ಲ. ಅವರು ಮಗುವಿನ ತಲೆ ಸವರಿದರು, ಬಲಗೈಯಲ್ಲಿ. ಆಮೇಲೆ ಆ ಕೈಯನ್ನೇ ನೋಡಿಕೊಂಡು ನಿಂತರು. "ನಡೀರಿ ಸ್ವಾಮಿ, ದೋಣಿ ಕಾಯ್ತಾ ಇದೆ" ಎಂದ ಒಬ್ಬ.

ಈಗ ಇಬ್ಬರೂ ಅಲ್ಲೇ ಇದ್ದೀರಿ. ಅಪ್ಪ, ನೀನು ಇನ್ನೂ ದೊರೆಯೇ ಆಗಿದ್ದರೆ ಏನಾದರೂ ಮಾಡು. ಏನೂ ಮಾಡಲಾಗದಿದ್ದರೆ ಅವರನ್ನು ಒಮ್ಮೆ ಮಾತಾಡಿಸು. ನಿನ್ನ ಬಾಯಲ್ಲಿ 'ಅಳಿಯ' ಎಂದು ಕರೆಸಿಕೊಳ್ಳಬೇಕೆಂದು ಅವರಿಗೆ ಆಸೆ ಇದೆ, ಹೇಳಿಕೊಳ್ಳುವುದಿಲ್ಲ.

ಬನಿತು


ನಿನೆವೆ
ಉಲೂಲು ತಿಂಗಳ ಹದಿನಾರನೆಯ ದಿನ

ಬನಿತುಗೆ ಹೇಳು: ನಿನ್ನ ಅಪ್ಪ ಹೀಗೆ ಹೇಳುತ್ತಾನೆ.

ಬದುಕಿದ್ದೇನೆ. ದಮ್ಕಾ ಬದುಕಿದ್ದಾಳೆ. ಉಳಿದದ್ದನ್ನು ನಿಧಾನವಾಗಿ ಕೇಳು.

ವರದಿ ಬಂದಮೇಲೆ ಪಂಡಿತರು ಹದಿನೈದು ದಿನ ಜಗಳವಾಡಿದರು. ಅಂಬಿಗನ ಕಣ್ಣನ್ನು ನಂಬಬಹುದೇ, ಸೂಲಗಿತ್ತಿಯ ಮಾತು ಶಾಸ್ತ್ರಕ್ಕೆ ಬರುತ್ತದೆಯೇ ಎಂದು. ಮೊನ್ನೆ ಅಳಿಯನನ್ನು ಒಳಗೆ ಕೂರಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಪ್ರಶ್ನೆ ಕೇಳಿದರು. ಅವನು ಒಂದೇ ಒಂದು ಮಾತು ಬದಲಿಸಲಿಲ್ಲವಂತೆ. ನಿನ್ನೆ ಬೆಳಿಗ್ಗೆ ಹಿರಿಯ ಪಂಡಿತ ನನ್ನ ಮುಂದೆ ಬಂದು ನಿಂತ. "ಗುರು ಇದ್ದ. ಕೇಡಿಲ್ಲ. ಬದಲಿ ಬೇಕಿಲ್ಲ" ಎಂದ. ಮೂರೇ ಮಾತು.

ಎಂಬತ್ತನಾಲ್ಕು ದಿನ ನೆಟ್ಟಗೆ ಕೂತವನು ನಾನು, ಆಗ ಎದ್ದು ಬಂದು ಮೆಟ್ಟಿಲ ಮೇಲೆ ಕೂತೆ. ದಮ್ಕಾ ನನ್ನ ತೋಳು ಹಿಡಿದು, "ಅಜ್ಜ, ಹಾಗಾದ್ರೆ ನಾವು ಸಾಯಲ್ವಾ?" ಎಂದಳು. "ಸಾಯ್ತೀವಮ್ಮ, ಎಲ್ಲರ ಹಾಗೆ, ಯಾವತ್ತೋ" ಎಂದೆ. ಅವಳು ಅತ್ತಳು. ನಾನೂ ಅತ್ತೆ, ಎಣ್ಣೆ ಹಾಕಿದ ಗಡ್ಡವೆಲ್ಲ ಒದ್ದೆಯಾಗುವಷ್ಟು. ಹೆದರಿಕೆ ಇಲ್ಲ ಎಂದು ಬರೆಸಿದ್ದೆನಲ್ಲ, ಸುಳ್ಳು ಮಗಳೆ. ತುಂಬಾ ಹೆದರಿದ್ದೆ. ಪ್ರತಿದಿನ ಎದ್ದ ಕೂಡಲೇ ಬೆರಳು ಮಡಚಿ ಎಣಿಸುತ್ತಿದ್ದೆ.

ಸಿಂಹಾಸನ, ಮೇಜು, ರಾಜದಂಡ ಎಲ್ಲವನ್ನೂ ಸುಟ್ಟು ಶುದ್ಧಿ ಮಾಡಬೇಕು. ಆಮೇಲೆ ದೊರೆ ಹೊಸ ಸಿಂಹಾಸನ ಏರುತ್ತಾರೆ. ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇತ್ತು. ಮಂತ್ರಿ ಅಳಿಯನನ್ನು ಕರೆತಂದು ನನ್ನ ಎದುರಿಗೆ ನಿಲ್ಲಿಸಿದ. ನೋಡು, ಸುಳ್ಳು ವರದಿ ಕೊಟ್ಟದ್ದು ದೊರೆಗೆ ಬಗೆದ ದ್ರೋಹ. ಶಿಕ್ಷೆಯನ್ನು ದೊರೆಯೇ ಹೇಳಬೇಕು. ತೋಟದಲ್ಲಿರುವವರು ಇನ್ನೂ ರೈತ. ಸಿಂಹಾಸನದಲ್ಲಿ ಇರುವವನು ನಾನು.

ಇಷ್ಟು ದಿನ ಮಂತ್ರಿ ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸುತ್ತಿದ್ದೆ. ನನ್ನಿಂದ ಅವರಿಗೆ ಬೇಕಿದ್ದದ್ದು ಅಷ್ಟೇ. ಅವನು ಅದೇ ಅಭ್ಯಾಸದಲ್ಲಿ, "ಬಲಗೈ ತೆಗೆಯೋದು. ಪ್ರಭುಗಳು ಒಪ್ಪಿದ್ದಾರೆ" ಎಂದುಬಿಟ್ಟ.

"ಪ್ರಭುಗಳು ಇನ್ನೂ ಬಾಯೇ ಬಿಟ್ಟಿಲ್ಲ" ಎಂದೆ.

ಕಂಬದ ಹಿಂದೆ ರೈತನೂ ನಿಂತಿದ್ದರು, ಕೈಯಲ್ಲಿ ಈರುಳ್ಳಿಯ ಮಣ್ಣು.

"ಇವನು ಸುಳ್ಳು ಬರ್ದ, ತಪ್ಪು. ಸುಳ್ಳು ಅಂತ ತಾನೇ ಬಂದು ಹೇಳ್ದ. ಈ ಅರಮನೇಲಿ ಹಾಗೆ ಹೇಳಿದೋರು ಇನ್ನೊಬ್ಬರಿದ್ರೆ ತೋರ್ಸಿ. ಅವನ ಕೈ ತೆಗೆದ್ರೆ, ನಾಳೆ ತಪ್ಪು ಮಾಡಿದ ಯಾವನೂ ಒಪ್ಕೊಳಲ್ಲ. ಆಗ ದೊರೆ ತಲೆ ಕಾಯೋರು ಯಾರು?"

ಮಂತ್ರಿ ಕಂಬದ ಕಡೆ ನೋಡಿದ. ರೈತ ಬೆರಳಿನ ಮಣ್ಣು ಒರೆಸಿಕೊಳ್ಳುತ್ತಿದ್ದರು.

"ಶಿಕ್ಷೆ ಇಲ್ಲದೇ ಬಿಡೋಕಾಗಲ್ಲ ಪ್ರಭು."

"ಬಿಡೋದಿಲ್ಲ. ಬರ್ಕೋ ಅಖುನಿ. ಈ ಶುಲಾಯ ಇನ್ಮುಂದೆ ಗ್ರಹಣ ಹಿಡಿದಾಗಲೆಲ್ಲ ತನ್ನ ಮಗೂನ ಎರಡೂ ಕೈಯಲ್ಲಿ ಎತ್ಕೊಂಡು ಗೋಪುರದ ಮೇಲೆ ನಿಲ್ಬೇಕು. ತಲೆ ಮುಚ್ಚೋಕೆ ಕೈ ಖಾಲಿ ಇರಬಾರದು."

"ಮಗು ದೊಡ್ಡದಾದ್ಮೇಲೆ?"

"ಇನ್ನೊಂದು ಆಗುತ್ತೆ ಬಿಡಿ."

ಕಂಬದ ಹಿಂದೆ ಯಾರೋ ನಕ್ಕರು. ಎಂಬತ್ತು ದಿನದಿಂದ ನಗದವರು ನಕ್ಕ ನಗು ಅದು, ಕೆಮ್ಮಿನ ಹಾಗಿತ್ತು. ಅಷ್ಟಾದ ಮೇಲೆ ಮಂತ್ರಿ ತಾನೇ ಮುದ್ರೆ ಒತ್ತಿದ. ದಮ್ಕಾಳನ್ನು ನನ್ನ ಜೊತೆ ಕಳಿಸಬೇಕೆಂದೂ ಬರೆಸಿದೆ. ಅದಕ್ಕೂ ಮುದ್ರೆ ಬಿತ್ತು. ಅವಳು ನಿನಗೆ ನೇಯ್ಗೆ ಕಲಿಸುತ್ತಾಳೆ, ಆಟಕ್ಕೆ ಮಾತ್ರ ಕೂರಬೇಡ.

ಅಳಿಯ ಅಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದ. ನಾನು ಇಳಿದು ಹೋಗಿ, "ಏಳಪ್ಪಾ ಅಳಿಯ, ಮನೆಗೆ ಹೋಗೋಣ" ಎಂದೆ. ನಿನ್ನ ಪತ್ರ ನನ್ನ ಕೈ ಸೇರಿದ್ದು ಇಂದು ಬೆಳಿಗ್ಗೆ, ತಿಳಿದಿರಲಿ. ಯಾರೂ ಹೇಳಿಕೊಟ್ಟು ಕರೆದದ್ದಲ್ಲ.

ಈಗ ದೋಣಿಕಟ್ಟೆಯಲ್ಲಿ ಕೂತಿದ್ದೇವೆ. ದೋಣಿಗೆ ಸಾಮಾನು ತುಂಬುತ್ತಿದ್ದಾರೆ. ಕುದುರೆಯವನು ನಮಗಿಂತ ಮೊದಲು ನಿಮ್ಮ ಊರು ಸೇರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಬೆಳ್ಳುಳ್ಳಿ ಹಾಕಿ ಏನಾದರೂ ಮಾಡಿಟ್ಟಿರು.

ಅಖುನಿ ಅರಮನೆಯಲ್ಲೇ ಉಳಿದ, ಅವನಿಗೆ ಇವತ್ತು ಬಿಡುವಿಲ್ಲ. ನಾನು ಹೇಳುತ್ತಿದ್ದೇನೆ, ಪಕ್ಕದಲ್ಲಿ ಕೂತು ಇನ್ನೊಬ್ಬ ಬರೆಯುತ್ತಿದ್ದಾನೆ. ನಡುನಡುವೆ ಅಳುತ್ತಾನೆ, ಮಣ್ಣು ಒದ್ದೆಯಾಗುತ್ತದೆಂದು ಗದರಿಸುತ್ತಿದ್ದೇನೆ. ಅಕ್ಷರ ಯಾರದ್ದೆಂದು ನಿನಗೆ ಮೊದಲ ಸಾಲಿನಲ್ಲೇ ಗೊತ್ತಾಗಿರಬೇಕು. ನಿನಗೆ ಬರೆಯಲು ಕಲಿಸಿದ ಕೈಯೇ ಅದು, ಬಲಗೈ.

ನಿನ್ನ ಅಪ್ಪ,
ತೋಟಗಾರ ಅರ್ದಾಯ